ಟ್ರ್ಯಾಕ್ಟರ್‌ನ ಗೇರ್‌ಪೆಟ್ಟಿಗೆ

ಮಕ್ಕಳೇ, ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲಗಳಲ್ಲಿ ಟ್ರ್ಯಾಕ್ಟರ್ ಉಳುವುದನ್ನು ನೀವು ನೋಡಿದ್ದೀರಿ. ರಸ್ತೆಯಲ್ಲಿ ಜೋರಾಗಿ ಓಡುವ ಅದೇ ಟ್ರ್ಯಾಕ್ಟರ್ ಹೊಲದಲ್ಲಿ ನಿಧಾನವಾಗಿ ಸಾಗುತ್ತದೆ. ಏಕೆ?

ಉತ್ತರ ಗೇರ್‌ಪೆಟ್ಟಿಗೆಯಲ್ಲಿದೆ. ಅದರೊಳಗೆ ಉಕ್ಕಿನ ಹಲ್ಲುಚಕ್ರಗಳಿವೆ. 20 ಹಲ್ಲುಗಳ ಚಕ್ರವು 60 ಹಲ್ಲುಗಳ ಚಕ್ರವನ್ನು ತಿರುಗಿಸುತ್ತಿದೆ ಎಂದುಕೊಳ್ಳಿ. ಚಿಕ್ಕದು 3 ಸುತ್ತು ತಿರುಗಿದಾಗ ದೊಡ್ಡದು 1 ಸುತ್ತು ತಿರುಗುತ್ತದೆ. ವೇಗ ಮೂರರಲ್ಲಿ ಒಂದು ಭಾಗವಾಯಿತು. ಆದರೆ ತಿರುಗಿಸುವ ಬಲ ಸುಮಾರು 3 ಪಟ್ಟಾಯಿತು. ಗಟ್ಟಿ ನೆಲವನ್ನು ಸೀಳಲು ಈ ಬಲವೇ ಬೇಕು.

ಇಷ್ಟು ಬಲ ಹಲ್ಲಿನಿಂದ ಹಲ್ಲಿಗೆ ದಾಟುವಾಗ ಘರ್ಷಣೆಯಿಂದ ಉಕ್ಕು ಬಿಸಿಯಾಗಿ ಸವೆಯುತ್ತದೆ. ಗೇರ್ ಎಣ್ಣೆಯು ಹಲ್ಲುಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ಕಡಿಮೆ ಮಾಡುತ್ತದೆ.

ಎಣ್ಣೆ ಬದಲಿಸುವಾಗ ಮೆಕ್ಯಾನಿಕ್ ಹಳೆಯ ಎಣ್ಣೆಯನ್ನು ಪರೀಕ್ಷಿಸುತ್ತಾರೆ. ಅದು ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಸೇರಿದೆ. ನುಣ್ಣನೆಯ ಲೋಹದ ಪುಡಿ ಸ್ವಲ್ಪವಿದ್ದರೆ ಅದು ಸಹಜ ಸವೆತ. ಉಕ್ಕಿನ ಚೂರು ಸಿಕ್ಕರೆ ಹಲ್ಲು ಮುರಿದಿರಬಹುದು. ಪೆಟ್ಟಿಗೆ ಬಿಚ್ಚಿ ನೋಡಲೇಬೇಕು. ತಡ ಮಾಡಿದರೆ ಆ ಚೂರು ಬೇರೆ ಚಕ್ರಗಳ ನಡುವೆ ಸಿಲುಕಿ ಅವುಗಳ ಹಲ್ಲನ್ನೂ ಮುರಿಯಬಹುದು. ಬಿತ್ತನೆಯ ಹದ ದುರಸ್ತಿಗಾಗಿ ಕಾಯುವುದಿಲ್ಲ. ಆದ್ದರಿಂದ ಮಳೆಗೆ ಮೊದಲೇ ಎಣ್ಣೆಯನ್ನು ನೋಡಿಸುವುದು ಜಾಣತನ.

ಮಾಡಿ ನೋಡಿ: ನಿಂತ ಸೈಕಲ್ಲಿನ ಪೆಡಲ್ ಬಳಿಯ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲುಗಳಿವೆ? ಹಿಂದಿನ ಗಾಲಿಯ ಹಲ್ಲುಚಕ್ರದಲ್ಲಿ ಎಷ್ಟು? ಪೆಡಲ್ 1 ಸುತ್ತು ತಿರುಗಿದರೆ ಗಾಲಿ ಎಷ್ಟು ಸುತ್ತು ತಿರುಗುತ್ತದೆ? ಇಲ್ಲಿ ಹೆಚ್ಚಿದ್ದು ವೇಗವೋ, ಬಲವೋ? ಎಚ್ಚರ, ತಿರುಗುವ ಸರಪಳಿಯ ಹತ್ತಿರ ಬೆರಳು ಒಯ್ಯಬೇಡಿ.