ಕೈಗುಣ

ಕಳೆದ ವರ್ಷ ನನ್ನ ಸೋದರಳಿಯನಿಗೆ ಬೊಜ್ಜಿನ ಶಸ್ತ್ರಚಿಕಿತ್ಸೆ ಆಗಬೇಕೆಂದು ನಿಶ್ಚಯವಾಯಿತು. ತಂಗಿ ನನ್ನಲ್ಲಿ ವಿಚಾರಿಸಿದ್ದು ಖರ್ಚನ್ನಲ್ಲ, ಆಸ್ಪತ್ರೆಯ ಹೆಸರನ್ನೂ ಅಲ್ಲ. “ಅಣ್ಣಾ, ಆ ಡಾಕ್ಟರ ಕೈಗುಣ ಹೇಗಂತೆ?” ಎಂದಳು. ಕೈಗುಣವೆಂಬುದು ನಮ್ಮ ನುಡಿಯ ಚೆಲುವಾದ ಮಾತು. ಸಸಿ ನೆಡುವವಳಿಗೂ ಅದುಂಟು, ಸೂಲಗಿತ್ತಿಗೂ ಉಂಟು. ಆದರೆ ವಿಜ್ಞಾನದೆದುರು ಅದು ನಿಲ್ಲಲಾರದೆಂದೇ ನಾನು ಬಗೆದಿದ್ದೆ. ಆ ದಿನಗಳಲ್ಲಿ ಓದಿದ ಒಂದು ಸಂಶೋಧನೆ ನನ್ನನ್ನು ತಿದ್ದಿತು.

ಈ ಚಿಕಿತ್ಸೆಯ ಒಂದು ಮುಖ್ಯ ವಿಧಾನವನ್ನು 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಆರಂಭಿಸಿದರು. ಈಗ ರೂಢಿಯಲ್ಲಿರುವ ಅದರ ರೂಪದಲ್ಲಿ, ಜಠರದ ಮೇಲ್ತುದಿಯನ್ನು ಮೊಟ್ಟೆಯ ಗಾತ್ರದ ಪುಟ್ಟ ಚೀಲವಾಗಿ ಬೇರ್ಪಡಿಸಿ, ಸಣ್ಣ ಕರುಳನ್ನು ಅದಕ್ಕೆ ಜೋಡಿಸುತ್ತಾರೆ. ಉಣ್ಣುವ ಪ್ರಮಾಣ ತಗ್ಗುವುದಷ್ಟೇ ಅಲ್ಲ, ಹಸಿವನ್ನೂ ರಕ್ತದ ಸಕ್ಕರೆಯನ್ನೂ ಆಳುವ ಹಾರ್ಮೋನುಗಳ ನಡೆಯೂ ಬದಲಾಗುತ್ತದೆ. ಹೊಟ್ಟೆಯನ್ನು ಉದ್ದಕ್ಕೆ ಸೀಳುವ ಕಾಲ ಬಹುಮಟ್ಟಿಗೆ ಹೋಯಿತು. ಕೆಲವು ಕಿರುರಂಧ್ರಗಳಿಂದ ಕ್ಯಾಮರಾವನ್ನೂ ನೀಳ ಉಪಕರಣಗಳನ್ನೂ ಇಳಿಸಿ, ಪರದೆಯನ್ನು ನೋಡುತ್ತ ಕೆಲಸ ನಡೆಸುತ್ತಾರೆ. ಜೋಡಿಸಿದ ಜಾಗ ಸೋರಿದರೆ ಪ್ರಾಣಕ್ಕೇ ಸಂಚಕಾರ.

ಪರದೆಯ ಮೇಲೆ ಕಂಡದ್ದನ್ನು ವೀಡಿಯೊ ಚಿತ್ರವಾಗಿ ಉಳಿಸಿಕೊಳ್ಳಬಹುದಷ್ಟೆ. ಮಿಷಿಗನ್ ರಾಜ್ಯದ 20 ಮಂದಿ ಶಸ್ತ್ರವೈದ್ಯರು ಸ್ವ‌ಇಚ್ಛೆಯಿಂದ ತಮ್ಮ ಒಂದೊಂದು ಚಿತ್ರವನ್ನು ಪರೀಕ್ಷೆಗೆ ಒಪ್ಪಿಸಿದರು. ಯಾರ ಕೈಯೆಂದು ತಿಳಿಯದ ಸಹವೃತ್ತಿಯವರು ಅವನ್ನು ನೋಡಿ, ಅಂಗಾಂಶವನ್ನು ಎಷ್ಟು ಮೃದುವಾಗಿ ಹಿಡಿದರು, ಚಲನೆ ಎಷ್ಟು ಮಿತವಾಗಿತ್ತು ಎಂದು ಪರಿಶೀಲಿಸಿ, 5ಕ್ಕೆ ಅಂಕ ಕೊಟ್ಟರು. ಅತಿ ಕಡಿಮೆ 2.6, ಅತಿ ಹೆಚ್ಚು 4.8. ಬಳಿಕ ಆ ಅಂಕಗಳನ್ನು 10,000ಕ್ಕೂ ಮಿಕ್ಕಿದ ರೋಗಿಗಳ ದಾಖಲೆಯೊಡನೆ ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಇದು: ಕೊನೆಯ ಕಾಲುಭಾಗದ ವೈದ್ಯರ ಕೈಯಲ್ಲಿ ಶೇಕಡಾ 14.5 ರೋಗಿಗಳಿಗೆ ತೊಡಕುಗಳು ಕಾಣಿಸಿಕೊಂಡವು. ಮೊದಲ ಕಾಲುಭಾಗದವರ ಕೈಯಲ್ಲಿ ಶೇಕಡಾ 5.2 ಮಾತ್ರ. ಸಾವು ಎರಡು ಕಡೆಯೂ ವಿರಳವೇ. ಆದರೂ ಶೇಕಡಾ 0.26 ಎಲ್ಲಿ, 0.05 ಎಲ್ಲಿ? ಒಂದು ವರ್ಷ ಕಳೆದ ಮೇಲೆ ತೂಕದ ಇಳಿಕೆಯಲ್ಲಿ ಮಾತ್ರ ಇಂಥ ಅಂತರ ಉಳಿಯಲಿಲ್ಲವೆಂದು 2016ರ ಅಧ್ಯಯನ ಹೇಳಿತು. ಹೊಳೆ ದಾಟಿಸುವುದು ಅಂಬಿಗನ ಕೈ. ಆಚೆ ದಡದ ನಡಿಗೆಗೆ ಬೇರೆ ಕಾರಣಗಳುಂಟು.

ಹಾಗಾದರೆ ಕೈಗುಣ ಹುಟ್ಟಿನಿಂದ ಬಂದದ್ದೋ, ಕಲಿತದ್ದೋ? ಹಾಡುತ್ತ ಹಾಡುತ್ತ ರಾಗ ಎನ್ನುತ್ತೇವೆ. ಅಪಸ್ವರದಿಂದ ಯಾರೂ ಸಾಯುವುದಿಲ್ಲ. ಶಸ್ತ್ರವೈದ್ಯ ಯಾರ ಮೈಮೇಲೆ ಹಾಡಿ ಕಲಿಯಬೇಕು? ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಇದೇ ಚಿಂತೆ. ಶಾಸ್ತ್ರವೆಲ್ಲ ಬಲ್ಲವನೂ ಅಭ್ಯಾಸವಿಲ್ಲದೆ ಶಸ್ತ್ರಕ್ಕೆ ಅರ್ಹನಲ್ಲವೆಂದು ಸಾರಿ, ಕುಂಬಳ, ಸೋರೆ, ಸೌತೆಗಳನ್ನು ಕೊಯ್ದು, ತಾವರೆಯ ದಂಟನ್ನು ಚುಚ್ಚಿ, ಬಟ್ಟೆಯನ್ನು ಹೊಲಿದು ಕಲಿಯಲು ಅದು ವಿಧಿಸುತ್ತದೆ. ಇಂದು ಸೋರೆಕಾಯಿಯ ಜಾಗಕ್ಕೆ ಗಣಕಯಂತ್ರ ಬಂದಿದೆ. ಯೇಲ್ ವಿಶ್ವವಿದ್ಯಾಲಯದಲ್ಲಿ 16 ಕಿರಿಯ ವೈದ್ಯರ ಪೈಕಿ ಅರ್ಧದಷ್ಟು ಜನ ಅದರ ಮೇಲೆ ಕೈ ಪಳಗಿಸಿಕೊಂಡು ಪಿತ್ತಕೋಶದ ಚಿಕಿತ್ಸೆಗೆ ನಿಂತರು. 2002ರ ವರದಿಯಂತೆ ಅವರ ಕೆಲಸ ಶೇಕಡಾ 29ರಷ್ಟು ಚುರುಕಾಗಿತ್ತು. ತಪ್ಪುಗಳು ಉಳಿದವರ ಆರನೆಯ ಒಂದು ಪಾಲು.

ಮೂವತ್ತೆರಡು ವರ್ಷ ನಾನು ಪಾಠ ಹೇಳಿದೆ. ಒಮ್ಮೆಯೂ ಸಹೋದ್ಯೋಗಿಯೊಬ್ಬರನ್ನು ಹಿಂದಿನ ಬೆಂಚಿಗೆ ಕರೆದು, ನನ್ನ ತಪ್ಪು ಹೇಳಿ ಎನ್ನಲಿಲ್ಲ. ಬಂದಿದ್ದರೆ ಮುನಿಯುತ್ತಿದ್ದೆನೋ ಏನೋ. ಅದಕ್ಕೇ ಆ ಇಪ್ಪತ್ತು ಮಂದಿಯ ಮೇಲೆ ನನಗೆ ಗೌರವ, 2.6 ಅಂಕ ಪಡೆದವರ ಮೇಲೂ.

ಅಳಿಯನಿಗೆ ಎರಡು ಪ್ರಶ್ನೆ ಹೇಳಿಕೊಟ್ಟೆ: ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ? ನಿಮ್ಮ ಕೈಕೆಲಸವನ್ನು ನೋಡುವವರು ಯಾರಾದರೂ ಉಂಟೆ? ಡಾಕ್ಟರು ಬೇಸರಿಸಲಿಲ್ಲವಂತೆ, ಸಂಖ್ಯೆ ಹೇಳಿ, ಸಹೋದ್ಯೋಗಿಗಳೊಡನೆ ಕುಳಿತು ತಮ್ಮವೇ ಚಿತ್ರಗಳನ್ನು ನೋಡುವುದುಂಟು ಎಂದರಂತೆ. ತಂಗಿಗೆ ಇದನ್ನು ತಿಳಿಸಿದೆ.

“ಹಾಗಿದ್ದರೆ ಕೈಗುಣ ಒಳ್ಳೆಯದೇ ಇರಬೇಕು ಬಿಡಣ್ಣ” ಎಂದಳು.