ಮರದ್ದೋ, ಉಕ್ಕಿನದೋ? ರೋಲರ್ ಕೋಸ್ಟರಿನ ಕಂಬ ನೋಡಬೇಡಿ, ಹಳಿ ನೋಡಿ

ಅಮೆರಿಕದ ಟೆನೆಸಿ ರಾಜ್ಯದಲ್ಲಿ ಡಾಲಿವುಡ್ ಎಂಬ ಮನರಂಜನಾ ಉದ್ಯಾನವಿದೆ. ಅಲ್ಲಿಯ 'ಲೈಟ್ನಿಂಗ್ ರಾಡ್' ಎಂಬ ರೋಲರ್ ಕೋಸ್ಟರ್ 2016ರಲ್ಲಿ ಆರಂಭವಾದಾಗ, ಗಂಟೆಗೆ ಸುಮಾರು 117 ಕಿ.ಮೀ. ವೇಗದೊಂದಿಗೆ ಜಗತ್ತಿನ ಅತಿ ವೇಗದ ಮರದ ಕೋಸ್ಟರ್ ಎನಿಸಿಕೊಂಡಿತು. ಐದು ವರ್ಷಗಳ ಬಳಿಕ, 2021ರಲ್ಲಿ, ಆ ಬಿರುದು ಇಲಿನಾಯ್ ರಾಜ್ಯದ 'ಗೋಲಿಯತ್' ಎಂಬ ಕೋಸ್ಟರಿನ ಪಾಲಾಯಿತು. ಸೋಜಿಗವೆಂದರೆ ಗೋಲಿಯತ್‌ನ ವೇಗ ಗಂಟೆಗೆ 116 ಕಿ.ಮೀ. ಮಾತ್ರ! ಅದು ಹೊಸದೂ ಅಲ್ಲ, 2014ರಲ್ಲಿಯೇ ಕಟ್ಟಿದ್ದು. ಹಾಗೆಂದು ಲೈಟ್ನಿಂಗ್ ರಾಡನ್ನು ಯಾರೂ ಕೆಡವಿರಲಿಲ್ಲ. ಆದದ್ದು ಇಷ್ಟೇ: ಆ ಚಳಿಗಾಲದಲ್ಲಿ ಅದರ ಹಳಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಳಚಿ, ಆ ಜಾಗದಲ್ಲಿ ಪೂರ್ತಿ ಉಕ್ಕಿನ ಹಳಿಯನ್ನು ಕೂರಿಸಲಾಯಿತು. ದೂರದಿಂದ ನೋಡುವವರಿಗೆ ಕಂಬ ತೊಲೆಗಳ ಅದೇ ಕಾಡು. ದಾಖಲೆಗಳ ಲೆಕ್ಕ ಇಡುವವರ ಪಾಲಿಗೆ ಮಾತ್ರ ಅದು ಮರದ ಕೋಸ್ಟರ್ ಆಗಿ ಉಳಿಯಲಿಲ್ಲ.

ಹಾಗಾದರೆ ಒಂದು ಕೋಸ್ಟರನ್ನು ಮರದ್ದೆಂದೋ ಉಕ್ಕಿನದೆಂದೋ ನಿರ್ಧರಿಸುವುದು ಯಾವುದು? ಕಣ್ಣಿಗೆ ಮೊದಲು ಬೀಳುವ ಚೌಕಟ್ಟೇ ಇರಬೇಕೆಂದು ನಾವು ಭಾವಿಸುತ್ತೇವೆ. ಅದು ತಪ್ಪು. ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಕಡಲತೀರದಲ್ಲಿರುವ 'ಸೈಕ್ಲೋನ್' 1927ರಲ್ಲಿ ಆರಂಭವಾದದ್ದು. ಮರದ ಕೋಸ್ಟರ್ ಎಂದೊಡನೆ ಎಷ್ಟೋ ಜನರ ನೆನಪಿಗೆ ಬರುವ ಹೆಸರು ಅದೇ. ಆದರೆ ಅದರ ಆಸರೆಯ ಚೌಕಟ್ಟು ಉಕ್ಕಿನದು! ಇನ್ನೊಂದೆಡೆ, ಓಹಾಯೋ ರಾಜ್ಯದ ಸೀಡರ್ ಪಾಯಿಂಟ್ ಉದ್ಯಾನದಲ್ಲಿ 1978ರಲ್ಲಿ ಆರಂಭವಾದ 'ಜೆಮಿನೈ' ನಿಂತಿರುವುದು ಮರದ ಕಂಬಗಳ ಮೇಲೆ. ಆದರೂ ಅದು ಉಕ್ಕಿನ ಕೋಸ್ಟರ್. ಕ್ಯಾಲಿಫೋರ್ನಿಯಾದ ಡಿಸ್ನಿ ಉದ್ಯಾನದಲ್ಲಿ 2001ರಲ್ಲಿ ತೆರೆದು, ಈಗ 'ಇನ್‌ಕ್ರೆಡಿಕೋಸ್ಟರ್' ಎಂಬ ಹೆಸರು ಹೊತ್ತಿರುವುದಂತೂ ಹಳೆಯ ಕಾಲದ ಕಡಲತೀರದ ಮರದ ಕೋಸ್ಟರಿನಂತೆ ಕಾಣಲೆಂದೇ ಬಿಳಿಯ ಕಂಬಗಳ ವೇಷ ತೊಟ್ಟು ನಿಂತಿದೆ. ಅದರಲ್ಲಿ ಹಳಿಯೂ ಉಕ್ಕು, ಕಂಬವೂ ಉಕ್ಕು.

ಕಂಬ ಯಾವುದರದ್ದೇ ಆಗಿರಲಿ, ಕೋಸ್ಟರಿನ ಬಗೆಯನ್ನು ಹೇಳುವುದು ಹಳಿ. ನಮ್ಮ ಹಳ್ಳಿಗಳ ಜನರಿಗೆ ಈ ತರ್ಕ ಹೊಸದಲ್ಲ. ಎತ್ತಿನ ಗಾಡಿಗೆ ರಬ್ಬರಿನ ಟೈರು ಬಂದಾಗ ಮೂಕಿ, ನೊಗ, ಹಾಸುಹಲಗೆಗಳೆಲ್ಲ ಮರದವೇ ಆಗಿದ್ದರೂ ಅದು 'ಟೈರ್ ಗಾಡಿ' ಆಯಿತು. ಹೆಸರು ಬಂದದ್ದು ಉರುಳುವ ಭಾಗದಿಂದ. ಅದಕ್ಕೂ ಹಿಂದಿನ ಮರದ ಚಕ್ರದ ಸುತ್ತ ಕಬ್ಬಿಣದ ಪಟ್ಟಿ ಇರುತ್ತಿತ್ತಲ್ಲ, ಅದರಿಂದಾಗಿ ಯಾರೂ ಅದನ್ನು ಕಬ್ಬಿಣದ ಚಕ್ರ ಎನ್ನಲಿಲ್ಲ. ಈ ಕಬ್ಬಿಣದ ಪಟ್ಟಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಡೀ ಜಗಳ ನಿಂತಿರುವುದು ಅದರ ಮೇಲೆ.

ಮರದ ಕೋಸ್ಟರಿನ ಹಳಿ ಎಂದರೆ ಒಂದು ದಪ್ಪ ತೊಲೆಯಲ್ಲ. ಉದ್ದನೆಯ ಹಲಗೆಗಳನ್ನು ಒಂದರ ಮೇಲೊಂದು, ಸಾಮಾನ್ಯವಾಗಿ ಏಳೆಂಟು ಪದರಗಳಾಗಿ ಜೋಡಿಸುತ್ತಾರೆ. ಬಡಗಿಗಳು ಸ್ಥಳದಲ್ಲಿಯೇ ಪ್ರತಿ ಹಲಗೆಯನ್ನೂ ತಿರುವಿಗೆ ತಕ್ಕಂತೆ ಬಗ್ಗಿಸಿ, ಎರಡು ಪದರಗಳ ಸೇರುವೆ ಒಂದೇ ಕಡೆ ಬೀಳದಂತೆ ಹೊಂದಿಸಿ, ಮೊಳೆ ಬೋಲ್ಟುಗಳಿಂದ ಬಿಗಿಯುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಅಲ್ಲಿನ ದಕ್ಷಿಣ ಭಾಗದ ಪೈನ್ ಮರ. ಮೇಲಿನ ಪದರಗಳು ಕೆಳಗಿನವಕ್ಕಿಂತ ಅಗಲವಾಗಿದ್ದು ಸೂರಿನಂತೆ ಒಂದು ಬದಿಗೆ ಚಾಚಿಕೊಂಡಿರುತ್ತವೆ. ಗಾಲಿ ಉರುಳುವ ಜಾಗದಲ್ಲಿ ಮಾತ್ರ, ಮೇಲ್ಮೈಗೂ ಪಕ್ಕಕ್ಕೂ ತೆಳುವಾದ ಉಕ್ಕಿನ ಪಟ್ಟಿ ಬಡಿದಿರುತ್ತದೆ. ಅಂದರೆ ಮರದ ಕೋಸ್ಟರಿನಲ್ಲಿಯೂ ಗಾಲಿ ಮುಟ್ಟುವುದು ಉಕ್ಕನ್ನೇ. ಪಟ್ಟಿ ಇಲ್ಲದಿದ್ದರೆ ಹಲಗೆ ಬಹುಬೇಗ ಸವೆದುಹೋದೀತು. ಆದರೆ ಭಾರ ಹೊರುವುದು, ಬಾಗುವುದು, ಅದುರುವುದು ಎಲ್ಲವೂ ಅದರ ಕೆಳಗಿನ ಮರ.

ಸೂರಿನಂತೆ ಚಾಚಿದ ಆ ಅಂಚಿಗೆ ಒಂದು ಕೆಲಸವಿದೆ. ಬಂಡಿಯ ಮೇಲುಗಾಲಿಗಳು ಭಾರ ಹೊರುತ್ತವೆ, ಪಕ್ಕದ ಗಾಲಿಗಳು ದಿಕ್ಕು ಕಾಯುತ್ತವೆ, ಹಳಿಯ ಅಡಿಯಲ್ಲಿ ಓಡುವ ಮೂರನೆಯ ಬಗೆಯ ಗಾಲಿಗಳು ಬಂಡಿ ಮೇಲಕ್ಕೆ ಹಾರದಂತೆ ಅಂಚನ್ನು ಕೆಳಗಿನಿಂದ ಹಿಡಿದುಕೊಳ್ಳುತ್ತವೆ. ಈ ಅಡಿಗಾಲಿಗೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಹಕ್ಕುಸ್ವಾಮ್ಯ ಪಡೆದರು. ಕಡಿದಾದ ಇಳಿಜಾರಿನ ಕೋಸ್ಟರುಗಳು ಸಾಧ್ಯವಾದದ್ದು ಅದರ ನಂತರವೇ. ಪೆನ್ಸಿಲ್ವೇನಿಯಾದ ಆಲ್ಟೂನಾದಲ್ಲಿ 1902ರಲ್ಲಿ ಕಟ್ಟಿದ, ಉಳಿದಿರುವವುಗಳಲ್ಲೇ ಅತ್ಯಂತ ಹಳೆಯದೆನ್ನಲಾದ 'ಲೀಪ್ ದ ಡಿಪ್ಸ್' ಕೋಸ್ಟರಿನಲ್ಲಿ ಅಡಿಗಾಲಿಗಳೇ ಇಲ್ಲ. ಅಲ್ಲಿ ಬಂಡಿಯನ್ನು ಹಳಿಯ ಮೇಲೆ ಉಳಿಸುವುದು ಅದರ ತೂಕ ಮಾತ್ರ.

ಉಕ್ಕಿನ ಕೋಸ್ಟರಿನ ಕಥೆ ತೀರಾ ಬೇರೆ. ಡಿಸ್ನಿಲ್ಯಾಂಡಿನಲ್ಲಿ 1959ರಲ್ಲಿ 'ಮ್ಯಾಟರ್‌ಹಾರ್ನ್ ಬಾಬ್‌ಸ್ಲೆಡ್ಸ್' ಆರಂಭವಾದಾಗ ಆರೋ ಡೆವಲಪ್‌ಮೆಂಟ್ ಕಂಪನಿಯವರು ಹಲಗೆಯನ್ನು ಬಿಟ್ಟು ಟೊಳ್ಳಾದ ಉಕ್ಕಿನ ಕೊಳವೆಯನ್ನೇ ಹಳಿಯಾಗಿ ಬಳಸಿದರು. ಕೊಳವೆಯನ್ನು ಕಾರ್ಖಾನೆಯಲ್ಲಿಯೇ ಯಾವ ದಿಕ್ಕಿಗೆ ಬೇಕಾದರೂ ಬಗ್ಗಿಸಬಹುದು, ತಿರುಚಬಹುದು. ತುಂಡುಗಳನ್ನು ತಂದು ಸ್ಥಳದಲ್ಲಿ ಜೋಡಿಸಿದರಾಯಿತು. ಹಲಗೆಗೆ ಈ ಗುಣವಿಲ್ಲ. ಅದು ಅಗಲದ ಮೇಲೆ ಸಲೀಸಾಗಿ ಬಾಗುತ್ತದೆ, ತಿರುಚಲು ಹೋದರೆ ಮುನಿಸಿಕೊಳ್ಳುತ್ತದೆ. ಆದಕಾರಣವೇ 1975ರಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ್ರಿ ಫಾರ್ಮ್‌ನ 'ಕಾರ್ಕ್‌ಸ್ಕ್ರೂ' ಪ್ರಯಾಣಿಕರನ್ನು ತಲೆಕೆಳಗಾಗಿಸಿದಾಗ ಅದು ಉಕ್ಕಿನಿಂದ ಮಾತ್ರ ಆಗುವ ಕೆಲಸವೆಂದು ಎಲ್ಲರೂ ಒಪ್ಪಿಕೊಂಡರು. ಬೆಂಗಳೂರಿನ ಹೊರವಲಯದ ವಂಡರ್‌ಲಾದಲ್ಲಿ 'ರಿಕಾಯಿಲ್' ಏರಿ ಹಿಮ್ಮುಖವಾಗಿ ಸುತ್ತು ಹಾಕಿ ಬಂದವರು ಕುಳಿತದ್ದೂ ಇಂಥ ಉಕ್ಕಿನ ಹಳಿಯ ಮೇಲೆಯೇ.

ಈ ವ್ಯತ್ಯಾಸ ಕೇವಲ ತಜ್ಞರ ತಲೆಹರಟೆಯಲ್ಲ. ಕುಳಿತವರ ಬೆನ್ನುಮೂಳೆಗೂ ಅದು ಗೊತ್ತಾಗುತ್ತದೆ. ಪದರಗಳಾಗಿ ಕೂಡಿಸಿದ ಮರ ಬಂಡಿ ಹಾಯುವಾಗ ಒಂದಿಷ್ಟು ಕುಗ್ಗಿ ಮತ್ತೆ ಏಳುತ್ತದೆ. ಬಿಸಿಲಿಗೆ, ಮಳೆಗೆ, ಚಳಿಗೆ ಅದರ ಅಳತೆ ಸೂಕ್ಷ್ಮವಾಗಿ ಬದಲಾಗುತ್ತದೆ. ಗಡಗಡ ಸದ್ದು, ಪಕ್ಕಕ್ಕೆ ತಳ್ಳುವ ಕುಲುಕಾಟ, ಈಗ ಕಳಚಿಬಿದ್ದೀತೇನೋ ಎಂಬ ಸುಳ್ಳು ಭಯ, ಇವೆಲ್ಲ ಮರದ ಹಳಿಯ ಕೊಡುಗೆ. ಉಕ್ಕಿನ ಕೊಳವೆಯ ಮೇಲೆ ನೈಲಾನ್ ಅಥವಾ ಪಾಲಿಯುರಿಥೇನ್ ಹೊದಿಸಿದ ಗಾಲಿಗಳು ಉರುಳುವಾಗ ಆ ಒರಟುತನ ಇರುವುದಿಲ್ಲ. ಖರ್ಚಿನ ಲೆಕ್ಕವೂ ಬೇರೆ. ಮರದ ಹಳಿಯನ್ನು ಪ್ರತಿದಿನ ನಡೆದು ಪರೀಕ್ಷಿಸಬೇಕು, ಸಡಿಲವಾದ ಬೋಲ್ಟು ಬಿಗಿಯಬೇಕು. ಉದ್ಯಾನ ಮುಚ್ಚಿರುವ ಚಳಿಗಾಲದಲ್ಲಿ, ಪೆಟ್ಟು ಹೆಚ್ಚು ಬೀಳುವ ತಿರುವುಗಳ ಹಲಗೆಗಳನ್ನು ಕಿತ್ತು ಹೊಸತು ಹಾಕಬೇಕು. ಈ ವಾರ್ಷಿಕ ಖರ್ಚೇ ಮಾಲೀಕರನ್ನು ಉಕ್ಕಿನ ಕಡೆ ನೋಡುವಂತೆ ಮಾಡಿದ್ದು.

ಗಡಿ ಮಸುಕಾಗತೊಡಗಿದ್ದು 2000ದ ದಶಕದಲ್ಲಿ. ಇಂಟಾಮಿನ್ ಕಂಪನಿ ಹಳಿಯ ಮರವನ್ನು ಕಾರ್ಖಾನೆಯಲ್ಲಿ ಪದರ ಪದರವಾಗಿ ಅಂಟಿಸಿ, ಯಂತ್ರದಿಂದ ನಿಖರವಾಗಿ ಕತ್ತರಿಸಿ, ಸಿದ್ಧ ತುಂಡುಗಳಾಗಿ ತಂದು ಜೋಡಿಸತೊಡಗಿತು. 2001ರಲ್ಲಿ ಜರ್ಮನಿಯ 'ಕೊಲೋಸೊಸ್', 2006ರಲ್ಲಿ ನ್ಯೂಜೆರ್ಸಿಯ 'ಎಲ್ ಟೋರೊ' ಈ ಕ್ರಮದಲ್ಲಿ ಎದ್ದವು. ಸವಾರಿ ಬಹುಮಟ್ಟಿಗೆ ಉಕ್ಕಿನದರಂತೆ ನಯ, ಆದರೆ ಹಳಿ ನಿಸ್ಸಂದೇಹವಾಗಿ ಮರ. ಇವು ಮರದವೇ ಎಂಬುದರಲ್ಲಿ ದೊಡ್ಡ ತಕರಾರು ಏಳಲಿಲ್ಲ.

ತಕರಾರು ಎದ್ದದ್ದು ಐಡಾಹೊ ರಾಜ್ಯದ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಸಂಸ್ಥೆಯಿಂದ. ಅದು ಎರಡು ಬಗೆಯ ಹಳಿಗಳನ್ನು ತಂದಿತು. ಮೊದಲನೆಯದರಲ್ಲಿ ಮರವೇ ಇಲ್ಲ. ಉಕ್ಕಿನ ತಟ್ಟೆಗಳನ್ನು ಕತ್ತರಿಸಿ ಬೆಸೆದು ಮಾಡಿದ ಹಳಿಯನ್ನು ಹಳೆಯ ಮರದ ಕೋಸ್ಟರಿನ ಕಂಬಗಳ ಮೇಲೆ ಕೂರಿಸುವುದು. 1990ರಲ್ಲಿ ಕಟ್ಟಿದ್ದ ಟೆಕ್ಸಾಸಿನ 'ಟೆಕ್ಸಾಸ್ ಜೈಂಟ್' 2011ರಲ್ಲಿ ಹೀಗೆ ಮರುಹುಟ್ಟು ಪಡೆಯಿತು. ಎರಡನೆಯದು 'ಟಾಪರ್' ಹಳಿ. ಇದರಲ್ಲಿ ಕೆಳಗೆ ಮರದ ಪದರಗಳು ಹಾಗೆಯೇ ಉಳಿಯುತ್ತವೆ, ಮೇಲಿನ ಪದರಗಳ ಜಾಗಕ್ಕೆ ಮಾತ್ರ ದಪ್ಪನೆಯ ಉಕ್ಕಿನ ಟೊಪ್ಪಿ ಬರುತ್ತದೆ. ಮಿಸೌರಿಯಲ್ಲಿ 2013ರಲ್ಲಿ ಆರಂಭವಾದ 'ಔಟ್‌ಲಾ ರನ್' ಇಂಥ ಹಳಿಯ ಮೇಲೆ ಪ್ರಯಾಣಿಕರನ್ನು ಮೂರು ಬಾರಿ ತಲೆಕೆಳಗಾಗಿಸಿತು. ಮರದ ಕೋಸ್ಟರ್ ಹಾಗೆ ಮಾಡಲಾರದು ಎಂದು ನಂಬಿದ್ದವರು ಹುಬ್ಬೇರಿಸಿದರು. ಅದು ಮರದ್ದೇ ಅಲ್ಲ ಎಂದವರೂ ಉಂಟು.

ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ತೆಳುವಾದ ಪಟ್ಟಿ ಇದ್ದರೆ ಮರ, ದಪ್ಪನೆಯ ಟೊಪ್ಪಿ ಇದ್ದರೂ ಮರ ಎನ್ನುವುದಾದರೆ, ಉಕ್ಕು ಇನ್ನೆಷ್ಟು ದಪ್ಪವಾದ ಮೇಲೆ ಹೆಸರು ಬದಲಾಗಬೇಕು? ಇದಕ್ಕೆ ಅಂಗುಲದ ಲೆಕ್ಕದಲ್ಲಿ ಉತ್ತರ ಕೊಡುವ ಕಾನೂನು ಯಾವುದೂ ಇಲ್ಲ. ಬಳಕೆಯಲ್ಲಿ ನೆಲೆನಿಂತಿರುವ ಒಪ್ಪಂದ ಇಷ್ಟು: ಗಾಲಿಯ ಕೆಳಗೆ ಭಾರ ಹೊರುವ ಮರದ ಪದರಗಳು ಉಳಿದಿರುವವರೆಗೆ ಅದು ಮರದ್ದು, ಮರ ಬರಿಯ ಕಂಬಕ್ಕೆ ಸರಿದರೆ ಉಕ್ಕಿನದು. ಗಾಡಿಯ ಚಕ್ರದ ಲೆಕ್ಕದಲ್ಲಿ ನೋಡಿದರೆ ಇದು ನ್ಯಾಯವಾಗಿಯೇ ಇದೆ ಎಂದು ಈ ಲೇಖಕನಿಗೂ ತೋರುತ್ತದೆ. ಲೈಟ್ನಿಂಗ್ ರಾಡ್ ಆರಂಭದಲ್ಲಿ ಟಾಪರ್ ಹಳಿಯದಾಗಿತ್ತು, ಆಮೇಲೆ ಅದರ ಬಹುಭಾಗ ಮೊದಲನೆಯ ಬಗೆಗೆ ಬದಲಾಯಿತು. ಅದು ಗೆರೆ ದಾಟಿದ್ದು ಹಾಗೆ. ಬಿರುದು ಮರಳಿ ಪಡೆದ ಗೋಲಿಯತ್ ಕೂಡ ಇದೇ ಸಂಸ್ಥೆ ಟಾಪರ್ ಹಳಿ ಹಾಕಿ ಕಟ್ಟಿದ ಕೋಸ್ಟರ್ ಎಂಬುದು ಇಲ್ಲಿಯ ಚೋದ್ಯ.

ಉದ್ಯಾನಗಳಿಗೆ ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಸಿಕ್ಕಿದೆ. ಅವು ಇಂಥವನ್ನು 'ಹೈಬ್ರಿಡ್' ಎಂದು ಕರೆಯುತ್ತವೆ. ಜಾಹೀರಾತಿಗೆ ಹೊಂದುವ ಮಾತು, ಆದರೆ ಅದು ಒಂದು ನಷ್ಟವನ್ನು ಮರೆಸುತ್ತದೆ. ಸೀಡರ್ ಪಾಯಿಂಟಿನ 'ಮೀನ್ ಸ್ಟ್ರೀಕ್' 1991ರ ಮರದ ಕೋಸ್ಟರ್. 2018ರಲ್ಲಿ ಅದೇ ಕಂಬಗಳ ಮೇಲೆ ಉಕ್ಕಿನ ಹಳಿ ಹೊತ್ತು 'ಸ್ಟೀಲ್ ವೆಂಜನ್ಸ್' ಆಯಿತು. ಜಪಾನಿನ ನಾಗಾಶಿಮಾದಲ್ಲಿ 1994ರಿಂದ ಇದ್ದ 'ವೈಟ್ ಸೈಕ್ಲೋನ್' 2019ರಲ್ಲಿ 'ಹಾಕುಗೇ' ಎಂಬ ಹೊಸ ರೂಪ ತಾಳಿತು. ಸವಾರಿ ಮಾಡಿದವರು ಎರಡನ್ನೂ ಕೊಂಡಾಡುತ್ತಾರೆ. ಒರಟಾಗಿ ಹೋಗಿದ್ದ ಹಳೆಯದಕ್ಕಾಗಿ ಅತ್ತವರು ಕಡಿಮೆ. ಆದರೆ ಹೀಗೆ ಬದಲಾದ ಪ್ರತಿಯೊಂದೂ ಮರದ ಕೋಸ್ಟರುಗಳ ಪಟ್ಟಿಯಿಂದ ಒಂದನ್ನು ಕಳೆಯುತ್ತದೆ, ಅಷ್ಟರಮಟ್ಟಿಗೆ ಹಲಗೆ ಬಗ್ಗಿಸಿ ಹಳಿ ಹೂಡುವ ಬಡಗಿಗಳ ಕೆಲಸವೂ ಕಡಿಮೆಯಾಗುತ್ತದೆ. ಕೋನಿ ಐಲ್ಯಾಂಡಿನ ಸೈಕ್ಲೋನ್‌ಗೆ ಈ ಭಯ ಕಡಿಮೆ: ನ್ಯೂಯಾರ್ಕ್ ನಗರ 1988ರಲ್ಲಿ ಅದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿದೆ. ಎಲ್ಲಕ್ಕೂ ಅಂಥ ರಕ್ಷಣೆ ಇಲ್ಲ.

ಇದೇ ಓಹಾಯೋ ರಾಜ್ಯದಲ್ಲಿ, ಸಿನ್ಸಿನಾಟಿಯ ಬಳಿ, ಕಿಂಗ್ಸ್ ಐಲ್ಯಾಂಡ್ ಉದ್ಯಾನದ ಕಾಡಿನೊಳಗೆ 'ದ ಬೀಸ್ಟ್' ಓಡುತ್ತದೆ. 1979ರಲ್ಲಿ ಆರಂಭವಾದ ಇದು 7,359 ಅಡಿ ಉದ್ದದೊಂದಿಗೆ ಜಗತ್ತಿನ ಅತಿ ಉದ್ದದ ಮರದ ಕೋಸ್ಟರ್ ಎನಿಸಿತ್ತು. ಹಳಿ ಸವೆದು ಸವಾರಿ ಒರಟಾಗಿದೆ ಎಂಬ ದೂರು ಇದಕ್ಕೂ ಇತ್ತು. 2022ರ ಹಂಗಾಮಿಗೆ ಮುನ್ನ ಅದರ ಸುಮಾರು 2,000 ಅಡಿ ಹಳಿಯನ್ನು ಕಿತ್ತು ಹೊಸದಾಗಿ ಹಾಕಿದರು. ಈ ಬಾರಿಯೂ ಮರದ್ದೇ. ಮೊದಲ ಇಳಿಜಾರನ್ನು ತುಸು ಕಡಿದಾಗಿಸಿದರು. ಕೆಲಸ ಮುಗಿದ ಮೇಲೆ ಅಳೆದಾಗ ಉದ್ದ 7,361 ಅಡಿ ಬಂತು.