ಪಾಣೆಮಂಗಳೂರಿನ ಹಳೆ ಸಂಕದ ಮೇಲೆ ಒಂದು ನಡಿಗೆ

ಮಂಗಳೂರು–ಬೆಂಗಳೂರು ಹೆದ್ದಾರಿ ಹೊಸ ಸೇತುವೆಗೆ ಹೊರಳಿದ ಮೇಲೆ ಪಾಣೆಮಂಗಳೂರಿನ ಹಳೆ ಸಂಕ ಬಸ್ಸಿನವರ ದಾರಿಯಿಂದ ತಪ್ಪಿಹೋಯಿತು. ಅದಕ್ಕೆ ಮುಂಚೆ ಕರಾವಳಿಯಿಂದ ಘಟ್ಟ ಹತ್ತುವ ಲಾರಿ, ಬಸ್ಸು, ಮದುವೆ ದಿಬ್ಬಣ ಎಲ್ಲವೂ ನೇತ್ರಾವತಿಯನ್ನು ದಾಟುತ್ತಿದ್ದದ್ದು ಬ್ರಿಟಿಷರ ಕಾಲದ ಈ ಉಕ್ಕಿನ ಸೇತುವೆಯ ಮೇಲೆಯೇ. ಪ್ರಾಯ ನೂರು ದಾಟಿದೆ. ಘನ ವಾಹನಗಳಿಗೆ ಈಗ ಇಲ್ಲಿ ಪ್ರವೇಶವಿಲ್ಲ. ಹಾಗಾಗಿ ಈ ಸೇತುವೆ ನಡೆಯುವವರ ಪಾಲಿಗೆ ಸಿಕ್ಕಿದ್ದೇ ಈಚೆಗೆ ಎನ್ನಬೇಕು. ಲಾರಿಗಳ ಕಾಲದಲ್ಲಿ ಇದರ ಮಧ್ಯೆ ನಿಂತು ಹೊಳೆ ನೋಡುವ ಧೈರ್ಯ ಯಾರಿಗಿತ್ತು?

ಬಿ.ಸಿ.ರೋಡಿನಲ್ಲಿ ಬಸ್ಸಿಳಿದು ಗೂಡಿನಬಳಿಯ ಕಡೆ ಕಾಲು ಹಾಕಿದರೆ ಸಾಕು, ರಿಕ್ಷಾ ಬೇಕಾಗಿಲ್ಲ. ಸೇತುವೆ ಇಕ್ಕಟ್ಟಿನದು. ಆಗಿನ ಲೆಕ್ಕಾಚಾರವೆಲ್ಲ ಎತ್ತಿನ ಗಾಡಿಯದು, ಅಲ್ಲೊಂದು ಇಲ್ಲೊಂದು ಮೋಟಾರಿನದು. ಅವಸರ ಮಾಡದೆ ಬದಿಯ ಕಬ್ಬಿಣವನ್ನೊಮ್ಮೆ ಹತ್ತಿರದಿಂದ ನೋಡಬೇಕು. ವೆಲ್ಡಿಂಗ್ ಬಳಕೆಗೆ ಬರುವ ಮೊದಲಿನ ಕೆಲಸವಿದು. ಕೆಂಪಗೆ ಕಾಯಿಸಿದ ರಿವೆಟ್ಟನ್ನು ತೂತಿಗೆ ತೂರಿಸಿ, ಆರುವ ಮೊದಲೇ ಅದರ ಇನ್ನೊಂದು ತುದಿಯನ್ನು ಬಡಿದು ಬುರುಡೆ ಮಾಡುತ್ತಿದ್ದರು. ರಿವೆಟ್ಟು ಆರುತ್ತ ಕುಗ್ಗಿದಂತೆ ಎರಡು ತಗಡುಗಳೂ ಒಂದಕ್ಕೊಂದು ಬಿಗಿದುಕೊಳ್ಳುತ್ತಿದ್ದವು. ಇಂಥ ಕಬ್ಬಿಣಕ್ಕೆ ನಮ್ಮಲ್ಲಿ ಶತ್ರು ಭಾರವಲ್ಲ, ಮಳೆ. ವರ್ಷಕ್ಕೆ ಮೂರೂವರೆ–ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವ ಊರಿನಲ್ಲಿ ಬಣ್ಣ ಬಿಟ್ಟಲ್ಲೆಲ್ಲ ತುಕ್ಕು ಹಿಡಿಯುತ್ತದೆ. ಅದರಲ್ಲೂ ಎರಡು ತಗಡು ಕೂಡುವ ಸಂದು, ನೀರು ಹರಿದುಹೋಗದೆ ನಿಲ್ಲುವ ಮೂಲೆಗಳಲ್ಲಿ ಮೊದಲು. ಹಿಂದಿನಿಂದ ಒಂದು ರಿಕ್ಷಾ ಬಂದರೆ ಅಂಗಾಲಿಗೆ ಸಣ್ಣಗೆ ನಡುಕ ತಾಗುತ್ತದೆ. ಹೆದರಬೇಕಾಗಿಲ್ಲ, ಉಕ್ಕು ಅಷ್ಟಿಷ್ಟು ಅಲುಗುವುದು ಅದರ ಗುಣ.

ಕೆಳಗೆ ಹರಿಯುವ ನೀರು ಒಂದೂರಿನದಲ್ಲ. ಘಟ್ಟದಲ್ಲಿ ಹುಟ್ಟಿ ಬೆಳ್ತಂಗಡಿ ತಾಲೂಕನ್ನು ಸುತ್ತಿ ಧರ್ಮಸ್ಥಳದ ಸ್ನಾನಘಟ್ಟ ದಾಟಿ ಬರುವ ನೇತ್ರಾವತಿಗೆ ಉಪ್ಪಿನಂಗಡಿಯಲ್ಲಿ ಸುಬ್ರಹ್ಮಣ್ಯದ ಕಡೆಯ ಕುಮಾರಧಾರೆ ಸೇರುತ್ತದೆ. ಹಾಗಾಗಿ ಚಾರ್ಮಾಡಿಯಲ್ಲಿ ರಾತ್ರಿಯಿಡೀ ಮಳೆ ಹೊಡೆದರೆ ಬೆಳಿಗ್ಗೆ ಬಂಟ್ವಾಳದವರು ಹೊಳೆಯ ಮೇಲೆ ಒಂದು ಕಣ್ಣಿಡುತ್ತಾರೆ. ಇಲ್ಲಿ ಅಪಾಯದ ಮಟ್ಟ 8.5 ಮೀಟರ್. ನೀರು ಅದರ ಹತ್ತಿರ ಬಂತೆಂದರೆ ಪಾಣೆಮಂಗಳೂರಿನ ಆಲಡ್ಕದಲ್ಲಿ, ಬಂಟ್ವಾಳ ಪೇಟೆಯ ಬಡ್ಡಕಟ್ಟೆಯಲ್ಲಿ ಸಾಮಾನು ಅಟ್ಟಕ್ಕೇರಿಸುವ ಗಡಿಬಿಡಿ ಶುರು. ಹಿರಿಯರು ನೆರೆಯ ವಿಷಯ ಎತ್ತಿದರೆ ಅಳತೆಗೋಲು 1974ರದ್ದು. ಅವರಿಗಿಂತ ಹಿಂದಿನವರಿಗೆ 1923ರದ್ದಾಗಿತ್ತು. 2019ರ ಆಗಸ್ಟ್ ಬಂದ ಮೇಲೆ ಎಳೆಯರಿಗೂ ಒಂದು ಸಿಕ್ಕಿತು. ಬೇಸಿಗೆಯ ಚಿತ್ರ ಬೇರೆಯೇ. ಕೆಳಗೆ ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗಾಗಿ ಹೊಳೆಗೆ ಅಡ್ಡ ಕಟ್ಟಿದ್ದಾರೆ. ಅಲ್ಲಿ ಹಲಗೆ ಇಳಿಸಿದರೆ ನಡೆಯುತ್ತಿದ್ದ ಹೊಳೆ ಇಲ್ಲಿಯವರೆಗೂ ಕೆರೆಯ ಹಾಗೆ ನಿಂತುಬಿಡುತ್ತದೆ.

ಸಂಕ ಬರುವ ಮೊದಲು ಬಂಟ್ವಾಳ ಹೊಳೆಯನ್ನೇ ನಂಬಿದ ಪೇಟೆ. ಮಂಗಳೂರಿನಿಂದ ಉಪ್ಪು, ಒಣಮೀನು ಹೊತ್ತ ದೋಣಿ ಮೇಲೆ ಬರುತ್ತಿತ್ತು. ಘಟ್ಟದಿಂದ ಅಕ್ಕಿ, ಸಂಬಾರ ಹೇರಿದ ಗಾಡಿ ಕೆಳಗಿಳಿಯುತ್ತಿತ್ತು. ಕವಿ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಆ ಬಂಟ್ವಾಳದಲ್ಲಿ, ದೋಣಿಯ ಕಾಲದಲ್ಲಿ. ರಸ್ತೆ ಗಟ್ಟಿಯಾಗುತ್ತ ಹೋದಂತೆ ಕಡವಿನ ದೋಣಿಗೆ ಕೆಲಸ ಕಡಿಮೆಯಾಯಿತು, ವ್ಯಾಪಾರ ದಾರಿ ಕವಲೊಡೆಯುವ ಕಡೆ ಸರಿಯಿತು. ಬಂಟ್ವಾಳ ಕ್ರಾಸ್ ರೋಡ್ ಎಂಬ ಕವಲೇ ಬಿ.ಸಿ.ರೋಡ್ ಎಂಬ ಪಟ್ಟಣವಾಗಿ, ಹಳೆ ಪೇಟೆ ವೆಂಕಟರಮಣ ದೇವಸ್ಥಾನದ ರಥಬೀದಿಯ ಸುತ್ತ ಉಳಿಯಿತು. ಎರಡನ್ನೂ ಒಂದೇ ಬೆಳಿಗ್ಗೆ ನಡೆದು ನೋಡಿದರೆ ಈ ಮಾತು ತಾನಾಗಿ ಗೊತ್ತಾಗುತ್ತದೆ.

ಹಳೆಯದೆಲ್ಲ ಗಟ್ಟಿ, ಹೊಸತೆಲ್ಲ ಪೊಳ್ಳು ಎನ್ನುವ ಹಟ ನನಗಿಲ್ಲ. ಆದರೆ ಇದೇ ತಾಲೂಕಿನ ಮುಲಾರಪಟ್ಣದಲ್ಲಿ, ಫಲ್ಗುಣಿ ಹೊಳೆಗೆ ಕಟ್ಟಿದ್ದ, ಇದಕ್ಕಿಂತ ಎಷ್ಟೋ ಎಳೆ ಪ್ರಾಯದ ಕಾಂಕ್ರೀಟ್ ಸೇತುವೆ 2018ರ ಜೂನ್‌ನಲ್ಲಿ ಕುಸಿದು ಬಿತ್ತು. ಬುಡದ ಹೊಯಿಗೆ ತೆಗೆದದ್ದೇ ಕಾರಣ ಎಂದು ಊರವರು ದೂರಿದರು. ಕಂಬದ ಬುಡ ಬರಿದಾದ ಮೇಲೆ ಕಾಂಕ್ರೀಟೇನು, ಉಕ್ಕೇನು? ಆಗ ಅಲ್ಲಿಯ ಜನಕ್ಕೆ ಆಸರೆಯಾದದ್ದು ಪಕ್ಕದ ತೂಗುಸೇತುವೆ. ನಮ್ಮ ಜಿಲ್ಲೆಗೆ ಈ ತೂಗುಸೇತುವೆ ಹೊಸದಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಒಂದನ್ನು ಕಟ್ಟಿ, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಹಾಗಿದ್ದೂ ಒಳಗಿನ ಎಷ್ಟೋ ಹಳ್ಳಗಳಿಗೆ ಇನ್ನೂ ಅಡಿಕೆ ಮರದ ಕಾಲುಸಂಕವೇ ಗತಿ. ಮಳೆ ಜೋರಾದ ದಿನ ಮಕ್ಕಳಿಗೆ ಶಾಲೆ ತಪ್ಪುತ್ತದೆ.

ಪಾಣೆಮಂಗಳೂರಿನ ಸಂಕಕ್ಕೆ ಬೇಕಾದದ್ದು ಮ್ಯೂಸಿಯಂ ಅಲ್ಲ, ಸೆಲ್ಫಿ ಕಟ್ಟೆಯೂ ಅಲ್ಲ. ಪ್ರತಿ ಮಳೆಗಾಲದ ಮೊದಲು ತುಕ್ಕು ಕೆರೆದು ಬಣ್ಣ, ನೀರು ಹೋಗುವ ತೂತುಗಳ ಸ್ವಚ್ಛತೆ, ಹುಳುಕು ಹಿಡಿದ ಕಡೆ ಹೊಸ ತಗಡು. ನದಿ ದಾಟುವ ವಿದ್ಯಾರ್ಥಿಗಳಿಗೂ ಬೆಳಗಿನ ವಾಕಿಂಗಿನವರಿಗೂ ಅಷ್ಟಾದರೆ ಧಾರಾಳ.

ಹೋಗುವುದಾದರೆ ದೀಪಾವಳಿ ಕಳೆದ ಮೇಲೆ ಹೋಗಿ, ಬಿಸಿಲೇರುವ ಮೊದಲು. ನೆರೆಯ ದಿನ ಬೇಡ. ಸೇತುವೆ ಇಳಿದು ಪಾಣೆಮಂಗಳೂರು ಪೇಟೆಯಲ್ಲಿ ಮೆಲ್ಲಗೆ ಒಂದು ಸುತ್ತು ಬನ್ನಿ, ಸಮಯವಿದ್ದರೆ ನಂದಾವರದ ದೇವಸ್ಥಾನ. ಕಾಲು ಸೋತವರು ಮೆಲ್ಕಾರಿನಲ್ಲಿ ಬಸ್ಸು ಹತ್ತಿದರೆ ಕಲ್ಲಡ್ಕದ ಕೆ.ಟಿ. ಎಂಬ ಚಹಾ ದೂರವೇನಲ್ಲ. ಕೆಳಗೆ ಹಾಲು, ಮೇಲೆ ಡಿಕಾಕ್ಷನ್ನು. ಕಲಕದೆ ಕುಡಿಯಬೇಕೋ ಕಲಕಿ ಕುಡಿಯಬೇಕೋ ಎಂಬ ಜಗಳ ಮೇಜಿನಲ್ಲೇ ನಡೆಯಲಿ.